ಮೇಜಿನ ಆಚೆ ಕೂತವರು ಯಾರು? ಮುಖಾಮುಖಿ ಕ್ರಿಪ್ಟೋ ವ್ಯವಹಾರದ ಬಗ್ಗೆ ಕೆಲವು ಮಾತು

(ದೊಡ್ಡಬಳ್ಳಾಪುರದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು 34 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಅದರಲ್ಲಿ ಬಹುಪಾಲು ಕ್ಯಾಷ್ ಕೌಂಟರಿನ ಹಿಂದೆಯೇ ಕಳೆಯಿತು. ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ನನ್ನ ಅಕ್ಕನ ಮಗ. ಅವನಿಗೆ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಹೇಳಲು ಅವನ ಒಪ್ಪಿಗೆ ಇದೆ, ಹೆಸರು ಮಾತ್ರ ಬೇಡ ಅಂದಿದ್ದಾನೆ.

ಹುಡುಗ ಬೆಂಗಳೂರಿನಲ್ಲಿ ಡಿಸೈನ್ ಕೆಲಸ ಮಾಡುತ್ತಾನೆ. ಹೊರದೇಶದ ಗಿರಾಕಿಯೊಬ್ಬ ಕೆಲಸದ ದುಡ್ಡನ್ನು ಯುಎಸ್‌ಡಿಟಿಯಲ್ಲಿ ಕಳಿಸಿದ. ಡಾಲರಿನ ಬೆಲೆಗೆ ಕಟ್ಟಿಹಾಕಿದ ಡಿಜಿಟಲ್ ನಾಣ್ಯ ಅದು, ನಿಮ್ಮಲ್ಲಿ ಹಲವರಿಗೆ ಗೊತ್ತೇ ಇರುತ್ತದೆ. 1,150 ನಾಣ್ಯ ಇತ್ತು. ರೂಪಾಯಿ ಮಾಡಿಕೊಳ್ಳಬೇಕು. ಟೆಲಿಗ್ರಾಂ ಗುಂಪೊಂದರಲ್ಲಿ ಒಬ್ಬ ಸಿಕ್ಕಿದ. ಆವತ್ತಿನ ರೇಟಿಗಿಂತ ಒಂದೊಂದು ನಾಣ್ಯಕ್ಕೆ 4 ರೂಪಾಯಿ ಹೆಚ್ಚು ಕೊಡುತ್ತೇನೆ, ಎದುರಾಎದುರೇ ಕೂತು ಮುಗಿಸೋಣ ಅಂದ. ವಿಜಯನಗರದ ಕಾಫಿ ಅಂಗಡಿಯಲ್ಲಿ ಭೇಟಿ. ಬಂದವನು ಒಳ್ಳೆಯ ಷರ್ಟು ಹಾಕಿದ್ದ, ಮೆಲ್ಲಗೆ ಮಾತಾಡುತ್ತಿದ್ದ, ಕಾಫಿಯ ದುಡ್ಡನ್ನೂ ಅವನೇ ಕೊಟ್ಟ. "ಕ್ಯಾಷ್ ತರೋಕಾಗ್ಲಿಲ್ಲ ಬ್ರೋ, ನಮ್ಮಣ್ಣನ ಅಕೌಂಟಿಂದ ಹಾಕಿಸ್ತೀನಿ" ಅಂದ. ಎರಡು ನಿಮಿಷದಲ್ಲಿ ಹುಡುಗನ ಫೋನು ಮೂರು ಸಲ ಟಿಂಗ್ ಅಂದಿತು. 45,000, 38,000, 23,950. ಮೂರೂ ಬೇರೆಬೇರೆ ಹೆಸರಿನಿಂದ. ಒಟ್ಟು 1,06,950, ಲೆಕ್ಕ ಸರಿಯಾಗಿದೆ. ಹುಡುಗ ನಾಣ್ಯ ಕಳಿಸಿದ, ಕೈ ಕುಲುಕಿ ಎದ್ದುಬಂದ.

ಹನ್ನೊಂದನೇ ದಿನ ನನಗೆ ಫೋನು ಬಂತು. "ಮಾವ, ಅಕೌಂಟ್ ಫ್ರೀಜ್ ಆಗಿದೆ. ಸಂಬಳವೂ ಅದರಲ್ಲೇ ಬಂದು ಕೂತಿದೆ. ಬಾಡಿಗೆ ಕಟ್ಟೋಕೂ ಆಗ್ತಿಲ್ಲ." ಬ್ಯಾಂಕಿಗೆ ಹೋಗಿ ವಿಚಾರಿಸಿದೆವು. ಬೇರೆ ರಾಜ್ಯದ ಸೈಬರ್ ಪೊಲೀಸರಿಂದ ಪತ್ರ ಬಂದಿತ್ತು. ಆ ಮೂರು ಮೊತ್ತದಲ್ಲಿ ಎರಡು, 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ನಿವೃತ್ತ ಮೇಷ್ಟರೊಬ್ಬರಿಂದ ಕಿತ್ತ ದುಡ್ಡು. ಮೇಷ್ಟರ ಖಾತೆಯಿಂದ ಯಾರೋ ಬಾಡಿಗೆಗೆ ಕೊಟ್ಟ ಖಾತೆಗಳಿಗೆ, ಅಲ್ಲಿಂದ ನನ್ನ ಅಕ್ಕನ ಮಗನ ಖಾತೆಗೆ. ನಾಣ್ಯ ಮಾತ್ರ ಕಾಫಿ ಕೊಡಿಸಿದವನ ಫೋನಿನಲ್ಲಿ ಹೋಯಿತು.

ಆ 4 ರೂಪಾಯಿ ಹೆಚ್ಚು ಎಲ್ಲಿಂದ ಬಂತು ಅನ್ನುವುದನ್ನು ಸ್ವಲ್ಪ ಯೋಚಿಸಿ. ಪೇಟೆಯಲ್ಲಿ ಕಡಿಮೆಗೆ ಸಿಗುವ ಮಾಲನ್ನು ಹೆಚ್ಚು ಕೊಟ್ಟು ಕೊಳ್ಳುವವನಿಗೆ ಆ ದುಡ್ಡಿನ ಮೇಲೆ ಮಮತೆ ಇರುವುದಿಲ್ಲ. ಅದು ಅವನ ಬೆವರಿನದಲ್ಲ. 1,150 ನಾಣ್ಯಕ್ಕೆ ನಾಲ್ಕು ನಾಲ್ಕರಂತೆ 4,600 ರೂಪಾಯಿ. ಕದ್ದ ದುಡ್ಡಿನಿಂದ ಕೈ ತೊಳೆದುಕೊಳ್ಳಲು ಅವನು ಕೊಟ್ಟ ಕೂಲಿ ಅಷ್ಟೇ.

ಮುಖಾಮುಖಿ ವ್ಯವಹಾರ ಅಂದ ಕೂಡಲೇ ಎಲ್ಲರೂ ಹೆದರುವುದು ಚಾಕು ತೋರಿಸಿ ಕಿತ್ತುಕೊಳ್ಳುವ ಕಳ್ಳನಿಗೆ. ಅವನೂ ಇದ್ದಾನೆ, ಆಮೇಲೆ ಬರುತ್ತೇನೆ. ಆದರೆ ನಮ್ಮ ಹುಡುಗರಿಗೆ ಹೆಚ್ಚು ಪೆಟ್ಟು ಕೊಡುತ್ತಿರುವುದು ನಗುನಗುತ್ತ ಕಾಫಿ ಕೊಡಿಸುವವನು. ಹಣ ಬಂತಾ ಎಂದು ನೋಡಿ ಸುಮ್ಮನಾಗುತ್ತೇವೆ. ಯಾರ ಹಣ ಬಂತು ಎಂದು ನೋಡುವುದಿಲ್ಲ. ಕೌಂಟರಿನಲ್ಲಿ ಕೂತಾಗ ನನ್ನ ಅರ್ಧ ಕೆಲಸ ಎಣಿಸುವುದು, ಇನ್ನರ್ಧ ಎದುರು ನಿಂತವರು ಯಾರು ಎಂದು ನೋಡುವುದು. ಕ್ರಿಪ್ಟೋದಲ್ಲಿ ನಡುವೆ ಬ್ಯಾಂಕು ಇಲ್ಲ, ಆ ಎರಡನೇ ಅರ್ಧವನ್ನು ನೀವೇ ಮಾಡಬೇಕು.

ನಮ್ಮ ಕಡೆಯವರಿಗೆ ಇದು ಹೊಸದೇನೂ ಅಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೀವೆಲ್ಲ ನೋಡಿದವರೇ. ಅಪರಿಚಿತರ ಜೊತೆ ಕೈತುಂಬ ನಗದು ಇಟ್ಟುಕೊಂಡು ವ್ಯವಹಾರ ಮಾಡುವ ಜಾಗ ಅಂದರೆ ಅದು. ನಮ್ಮಪ್ಪ ಎತ್ತು ಕೊಳ್ಳಲು ಹೋಗುವಾಗ ಒಂಟಿಯಾಗಿ ಹೋದದ್ದನ್ನು ನಾನು ಕಂಡಿಲ್ಲ. ಚಿಕ್ಕಪ್ಪ ಜೊತೆಗಿರಲೇಬೇಕು. ಅಡ್ವಾನ್ಸ್ ಕೊಡುವಷ್ಟು ದುಡ್ಡು ಷರ್ಟಿನ ಜೇಬಿನಲ್ಲಿ, ಉಳಿದದ್ದು ಪಂಚೆಯ ಒಳಗೆ ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿ. ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲೆಯೇ ಟವೆಲಿನ ಮುಸುಕಿನಲ್ಲಿ ಬೆರಳು ಹಿಡಿದು ರೇಟಿನ ಮಾತು. ದಲ್ಲಾಳಿ ಅವಸರ ಮಾಡಿದರೆ ಅಪ್ಪ ಬೀಡಿ ಹಚ್ಚಿ ಕೂತುಬಿಡುತ್ತಿದ್ದರು. ಆ ದಿನ ಎತ್ತು ಬರಲಿಲ್ಲ ಅಂದರೂ ಚಿಂತೆ ಇಲ್ಲ, ದುಡ್ಡು ಮನೆಗೆ ಬರುತ್ತಿತ್ತು.

ಆ ಎರಡು ಜೇಬು ನಿಮಗೂ ಬೇಕು. ಅಪರಿಚಿತರ ಎದುರು ತೆರೆಯುವ ವ್ಯಾಲೆಟ್ಟು, ಅಂದರೆ ನಾಣ್ಯ ಇಟ್ಟುಕೊಳ್ಳುವ ಫೋನಿನ ಆ್ಯಪ್, ಬೇರೆಯದೇ ಇರಲಿ. ಆವತ್ತು ಮಾರುವಷ್ಟು ನಾಣ್ಯ ಮಾತ್ರ ಹಿಂದಿನ ದಿನವೇ ಅದಕ್ಕೆ ಹಾಕಿಕೊಳ್ಳಿ. ಉಳಿದದ್ದು ಇರುವ ಫೋನು ಮನೆಯಲ್ಲಿ ಇರಲಿ. ಯುಎಸ್‌ಡಿಟಿಯನ್ನು ಟ್ರಾನ್ ಜಾಲದಲ್ಲಿ (ನಾಣ್ಯ ಓಡಾಡುವ ಜಾಲಗಳಲ್ಲಿ ಅದೊಂದು) ಕಳಿಸುವವರು ಶುಲ್ಕಕ್ಕೆಂದು ಆ ಜಾಲದ್ದೇ ಆದ ಸ್ವಲ್ಪ ಟಿಆರ್‌ಎಕ್ಸ್ ನಾಣ್ಯವನ್ನೂ ಮೊದಲೇ ಇಟ್ಟುಕೊಂಡಿರಿ. ಇದು ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಮೇಜಿನ ಮೇಲೆ ಶುಲ್ಕ ಸಾಲದೆ ತಡವರಿಸುವಾಗಲೇ ಎದುರಿನವನು "ಕೊಡಿ ಇಲ್ಲಿ, ನಾನು ಹಾಕಿಕೊಡ್ತೀನಿ" ಎಂದು ಕೈ ಚಾಚುವುದು. ತೆರೆದ ಫೋನು ಅವರ ಕೈಗೆ ಹೋಗಬಾರದು. ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬಾರದು. 'ನಿಮ್ಮ ನಾಣ್ಯ ಅಸಲಿಯೋ ಎಂದು ಪರೀಕ್ಷಿಸುತ್ತೇವೆ' ಎಂದು ಒಂದು ಕ್ಯುಆರ್ ತೋರಿಸುತ್ತಾರೆ. ಸ್ಕ್ಯಾನ್ ಮಾಡಿದರೆ ಯಾವುದೋ ಪುಟ ತೆರೆದು, ಒಪ್ಪಿಗೆಯ ಗುಂಡಿ ಒತ್ತಿ ಅನ್ನುತ್ತದೆ. ಒತ್ತಿದಿರೋ, ನಿಮ್ಮ ವ್ಯಾಲೆಟ್ಟಿನಿಂದ ಅವರಿಗೆ ಬೇಕಾದಾಗ ಬೇಕಾದಷ್ಟು ತೆಗೆಯಲು ನೀವೇ ಸಹಿ ಹಾಕಿಕೊಟ್ಟಂತೆ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟು ಮನೆ ಕಳೆದುಕೊಂಡವರನ್ನು ನಾನು ಕೌಂಟರಿನಿಂದ ನೋಡಿದ್ದೇನೆ. ಇದು ಅದೇ. ಇನ್ನು ವ್ಯಾಲೆಟ್ಟಿನ ಬೀಗದ ಕೈ ಅನ್ನಬಹುದಾದ 12 ಅಥವಾ 24 ಪದಗಳ ಗುಟ್ಟು, ಅದನ್ನು ಹೆತ್ತವರಿಗೂ ಓದಿ ಹೇಳಬೇಡಿ.

ಕೊಳ್ಳುವ ಕಡೆ ನೀವಿದ್ದರೆ ಕಷ್ಟ ಬೇರೆ ರೂಪದಲ್ಲಿ ಬರುತ್ತದೆ. ಎದುರಿನವನ ಫೋನಿನಲ್ಲಿ ಕಾಣುವ 'ಕಳಿಸಲಾಗಿದೆ' ಅನ್ನುವ ಹಸಿರು ಗುರುತಿಗೆ ಕಾಸಿನ ಬೆಲೆಯಿಲ್ಲ. ನಿಮ್ಮ ವ್ಯಾಲೆಟ್ಟಿನಲ್ಲಿ ಬಂದಂತೆ ಕಂಡರೂ ಸಾಲದು. ನಮ್ಮ ಲೆಡ್ಜರಿನ ಭಾಷೆಯಲ್ಲಿ ಹೇಳುವುದಾದರೆ, ಖಚಿತವಾಗದ ವ್ಯವಹಾರ ಪೆನ್ಸಿಲಿನಲ್ಲಿ ಬರೆದದ್ದು. ಬಿಟ್‌ಕಾಯಿನ್‌ನಲ್ಲಿ ಸರಾಸರಿ 10 ನಿಮಿಷಕ್ಕೊಂದು ಬ್ಲಾಕು, ಅಂದರೆ ಲೆಡ್ಜರಿನ ಒಂದು ಹೊಸ ಹಾಳೆ, ಸೇರುತ್ತದೆ. ಅದರೊಳಗೆ ನಿಮ್ಮ ವ್ಯವಹಾರ ಬರುವ ತನಕ, ಕಳಿಸಿದವನು ಹೆಚ್ಚು ಶುಲ್ಕ ಕಟ್ಟಿ ಅದೇ ನಾಣ್ಯವನ್ನು ತನ್ನದೇ ಇನ್ನೊಂದು ವಿಳಾಸಕ್ಕೆ (ವ್ಯಾಲೆಟ್ಟಿನ ಖಾತೆ ಸಂಖ್ಯೆ ಇದ್ದ ಹಾಗೆ ಅದು) ತಿರುಗಿಸಿಕೊಳ್ಳಬಹುದು. ದೊಡ್ಡ ಮೊತ್ತಕ್ಕೆ ಆರು ಬ್ಲಾಕು ಕಾಯುವುದು ಹಳೆಯ ರೂಢಿ, ಸುಮಾರು ಒಂದು ಗಂಟೆ. ಟ್ರಾನ್‌ನಲ್ಲಿ 3 ಸೆಕೆಂಡಿಗೊಂದು ಬ್ಲಾಕು, ಒಂದು ನಿಮಿಷದಲ್ಲಿ ಶಾಯಿ ಒಣಗುತ್ತದೆ. ಆ ಒಂದು ನಿಮಿಷ ಕಾಯಲು ಬಿಡದವನ ಜೊತೆ ವ್ಯವಹಾರವೇ ಬೇಡ.

ಇನ್ನೊಂದು ವಂಚನೆ ಖೋಟಾ ನಾಣ್ಯದ್ದು. ಯುಎಸ್‌ಡಿಟಿ ಅನ್ನುವ ಹೆಸರಿನ ಟೋಕನ್ನನ್ನು ಯಾರು ಬೇಕಾದರೂ ಹುಟ್ಟಿಸಬಹುದು. ಹೆಸರು ಅದೇ, ಚಿತ್ರವೂ ಅದೇ. ಅಸಲಿ ಯಾವುದು ಎಂದು ಹೇಳುವುದು ಅದರ ಕಾಂಟ್ರ್ಯಾಕ್ಟ್ ವಿಳಾಸ, ಅಂದರೆ ಆ ಬಗೆಯ ನಾಣ್ಯಕ್ಕೆ ಜಾಲದಲ್ಲಿರುವ ಗುರುತಿನ ಸಂಖ್ಯೆ, ಒಂದೇ. ಮನೆಯಿಂದ ಹೊರಡುವ ಮೊದಲೇ, ಈ ನಾಣ್ಯವನ್ನು ಹೊರಡಿಸುವ ಟೆದರ್ ಕಂಪನಿ ಪ್ರಕಟಿಸಿರುವ ವಿಳಾಸವನ್ನು ಉಳಿಸಿಟ್ಟುಕೊಂಡು, ಬಂದ ನಾಣ್ಯದ ವಿಳಾಸಕ್ಕೆ ತಾಳೆ ನೋಡಿ. ಮೊದಲು 10 ನಾಣ್ಯ ಕಳಿಸಿ ಅನ್ನಿ, ಅದನ್ನು ನಿಮ್ಮದೇ ಇನ್ನೊಂದು ವ್ಯಾಲೆಟ್ಟಿಗೆ ಕಳಿಸಿ ನೋಡಿ. ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ ನೋಡುವುದು ಅಂದರೆ ಇದೇ. ಹಾಗೆಯೇ ನಾಣ್ಯಕ್ಕೂ ಪೂರ್ವಾಶ್ರಮ ಇರುತ್ತದೆ. ಕದ್ದದ್ದು ಎಂದು ಗೊತ್ತಾದರೆ ಆ ವಿಳಾಸದಲ್ಲಿರುವ ಯುಎಸ್‌ಡಿಟಿ ಕದಲದಂತೆ ಮಾಡುವ ಅಧಿಕಾರ ಟೆದರ್ ಕಂಪನಿಗೆ ಇದೆ, ಅದನ್ನು ಅವರು ಬಳಸಿಯೂ ಇದ್ದಾರೆ.

ನಾಣ್ಯ ಕಳಿಸುವ ವಿಳಾಸವನ್ನು ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಒಪ್ಪಿಕೊಳ್ಳುವ ಚಟ ಎಲ್ಲರಿಗೂ ಇದೆ. ಮೋಸಗಾರರಿಗೆ ಅದು ಗೊತ್ತು. ತುದಿಗಳು ಒಂದೇ ಇರುವ ವಿಳಾಸ ಹುಟ್ಟಿಸಿ, ಅಲ್ಲಿಂದ ಚಿಲ್ಲರೆ ಮೊತ್ತ ಕಳಿಸಿ, ನಿಮ್ಮ ಹಳೆಯ ವ್ಯವಹಾರಗಳ ಪಟ್ಟಿಯೊಳಗೆ ನುಸುಳಿಕೊಂಡಿರುತ್ತಾರೆ. ಪಟ್ಟಿಯಿಂದ ನಕಲು ಮಾಡಬೇಡಿ. ನಡುವಿನ ಅಕ್ಷರಗಳನ್ನೂ ಓದಿ.

ಈಗ ನಗದಿನ ಮಾತು, ಇದು ನನ್ನ ಸ್ವಂತ ಹೊಲ. 500ರ ಒಂದು ಕಟ್ಟು ಅಂದರೆ 100 ನೋಟು, 50,000 ರೂಪಾಯಿ. ಮೇಲೊಂದಿಷ್ಟು ಕೆಳಗೊಂದಿಷ್ಟು ಅಸಲಿ ಇಟ್ಟು ನಡುವೆ ಬೇರೆ ತುಂಬಿದ ಕಟ್ಟುಗಳು ನನ್ನ ಕೌಂಟರಿಗೇ ಬಂದಿವೆ. ತಂದವರು ಪಾಪ, ಯಾರನ್ನೋ ನಂಬಿ ಇಸಿದುಕೊಂಡವರು. ಕಟ್ಟಿನ ಮೇಲಿನ ಬ್ಯಾಂಕಿನ ಪಟ್ಟಿ ಮತ್ತು ಸೀಲು ನೋಡಿ ನಂಬಬೇಡಿ. ಪಟ್ಟಿ ಬಿಚ್ಚಿ, ಬೀಸಣಿಗೆಯ ಹಾಗೆ ಹರಡಿ. ಈಗಿನ 500ರ ನೋಟಿನ ಎಡ ಬಲ ಅಂಚುಗಳಲ್ಲಿ ಐದೈದು ಓರೆಗೆರೆಗಳಿವೆ. ಬೆರಳ ತುದಿಗೆ ಅವು ತರಿತರಿಯಾಗಿ ಸಿಗಬೇಕು. ಭದ್ರತಾ ಎಳೆ ನೇರ ಹಿಡಿದರೆ ಹಸಿರು, ನೋಟನ್ನು ಓರೆ ಮಾಡಿದರೆ ನೀಲಿ. ಕಣ್ಣಿಗಿಂತ ಬೆರಳು ಬೇಗ ಹೇಳುತ್ತದೆ. ಕಣ್ಣು ಮುಚ್ಚಿ ಒಂದು ಅಸಲಿ ನೋಟಿನ ಅಂಚನ್ನು ಹತ್ತು ಸಲ ಸವರಿ ನೋಡಿ, ಆಮೇಲೆ ಮರೆಯುವುದಿಲ್ಲ. ನೀವು ತಂದುಕಟ್ಟುವ ದುಡ್ಡಿನಲ್ಲಿ ಖೋಟಾ ಸಿಕ್ಕರೆ ಬ್ಯಾಂಕು ಅದಕ್ಕೆ ಮುದ್ರೆ ಒತ್ತಿ ಇಟ್ಟುಕೊಳ್ಳುತ್ತದೆ, ಸ್ವೀಕೃತಿ ಚೀಟಿ ಕೊಡುತ್ತದೆ, ಬದಲಿ ದುಡ್ಡು ಕೊಡುವುದಿಲ್ಲ. ಒಂದೇ ಸಲಕ್ಕೆ 4ರವರೆಗೆ ಸಿಕ್ಕರೆ ತಿಂಗಳಿಗೊಮ್ಮೆ ಪೊಲೀಸರಿಗೆ ಹೋಗುವ ವರದಿಯಲ್ಲಿ ಸೇರುತ್ತದೆ. 5 ಅಥವಾ ಹೆಚ್ಚು ಸಿಕ್ಕರೆ ಎಫ್‌ಐಆರ್‌ಗೆಂದು ಕೂಡಲೇ ಠಾಣೆಗೆ ಹೋಗುತ್ತದೆ. ಆಗ ಕೌಂಟರಿನ ಮುಂದೆ ನಿಂತಿರುವುದು ನೀವು, ಕೊಟ್ಟವನಲ್ಲ.

ಅದಕ್ಕೇ ನಗದಿನ ವ್ಯವಹಾರ ಮಾಡಲೇಬೇಕು ಅನ್ನುವವರಿಗೆ ನಾನು ಹೇಳುವ ಜಾಗ ನಿಮ್ಮದೇ ಬ್ಯಾಂಕಿನ ಶಾಖೆ. ಹಗಲು ಹೊತ್ತು, ಕೆಲಸದ ದಿನ. ಕೌಂಟರಿನಲ್ಲಿ ಎಣಿಸುವ ಯಂತ್ರ ಇರುತ್ತದೆ, ಕ್ಯಾಮೆರಾ ಇರುತ್ತದೆ, ಬಾಗಿಲಲ್ಲಿ ಗಾರ್ಡ್ ಇರುತ್ತಾನೆ. ದುಡ್ಡು ಅಲ್ಲೇ ನಿಮ್ಮ ಖಾತೆಗೆ ಜಮೆಯಾಗಲಿ, ಆಮೇಲೆ ನಾಣ್ಯ ಕಳಿಸಿ. ನೋಟಿನ ಕಟ್ಟು ಇಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಹೋಗುವ ಪ್ರಮೇಯವೇ ಇರುವುದಿಲ್ಲ. ಬ್ಯಾಂಕಿನವರು ನಿಮ್ಮ ವ್ಯವಹಾರಕ್ಕೆ ಸಾಕ್ಷಿ ಅಂದುಕೊಳ್ಳಬೇಡಿ, ಅವರಿಗೆ ಅದರ ಸಂಬಂಧ ಇಲ್ಲ. ಆದರೆ ಮೋಸ ಮಾಡಲು ಬಂದವನು ಸಾಮಾನ್ಯವಾಗಿ ಶಾಖೆಯ ಬಾಗಿಲ ತನಕವೂ ಬರುವುದಿಲ್ಲ. ದೊಡ್ಡ ಮೊತ್ತದ ನಗದು ಕಟ್ಟುವಾಗ ಪ್ಯಾನ್ ಕೇಳಬಹುದು ಅನ್ನುವುದು ಗೊತ್ತಿರಲಿ.

ಜಾಗ ಕೊನೆ ಗಳಿಗೆಯಲ್ಲಿ ಬದಲಾದರೆ ಮನೆಗೆ ವಾಪಸ್ಸಾಗಿ. 'ಪಾರ್ಕಿಂಗ್ ಸಿಗ್ತಿಲ್ಲ, ಕಾರಿನಲ್ಲೇ ಕೂತು ಮುಗಿಸೋಣ', 'ಲಾಡ್ಜಿನ ರೂಮಿಗೆ ಬನ್ನಿ, ಎಣಿಸೋಕೆ ಸರಿಹೋಗುತ್ತೆ', ಇವು ದುಡ್ಡಿರುವವನ ಮಾತಲ್ಲ. ನಿಮ್ಮ ಹತ್ತಿರ ಒಟ್ಟು ಎಷ್ಟಿದೆ ಎಂಬುದು ಯಾರಿಗೂ ಗೊತ್ತಾಗದಿರಲಿ. ಗುಂಪಿನಲ್ಲಿ ಲಾಭದ ಚಿತ್ರ ಹಾಕಬೇಡಿ. 2025ರ ಜನವರಿಯಲ್ಲಿ ಫ್ರಾನ್ಸಿನಲ್ಲಿ, ವ್ಯಾಲೆಟ್ ತಯಾರಿಸುವ ದೊಡ್ಡ ಕಂಪನಿಯ ಸಹಸಂಸ್ಥಾಪಕರನ್ನು ಮನೆಯಿಂದ ಹೊತ್ತೊಯ್ದು ಬೆರಳು ಕತ್ತರಿಸಿದರು. ನಮ್ಮ ದೇಶದಲ್ಲಿ 2018ರಲ್ಲೇ ಸೂರತ್‌ನ ಬಿಲ್ಡರ್ ಒಬ್ಬರನ್ನು ಅಪಹರಿಸಿ ಅವರ ಬಿಟ್‌ಕಾಯಿನ್‌ಗೆ ಕೈ ಹಾಕಿದ್ದರು. ಆ ಪ್ರಕರಣದಲ್ಲಿ 2025ರ ಆಗಸ್ಟಿನಲ್ಲಿ ಅಹಮದಾಬಾದಿನ ನ್ಯಾಯಾಲಯ 14 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರಲ್ಲಿ ಒಬ್ಬರು ಮಾಜಿ ಶಾಸಕರು, 11 ಮಂದಿ ಪೊಲೀಸರು. ಭೇಟಿಯ ನಡುವೆ 'ನಾವು ಕ್ರೈಂ ಬ್ರಾಂಚ್' ಎಂದು ಇಬ್ಬರು ನುಗ್ಗಿ ಫೋನು ಕೇಳಿದರೆ 112ಕ್ಕೆ ಕರೆ ಮಾಡಿ, ಠಾಣೆಗೇ ಬಂದು ಮಾತಾಡುತ್ತೇನೆ ಅನ್ನಿ. ಆದರೆ ಕುತ್ತಿಗೆಗೆ ಕತ್ತಿ ಬಂದರೆ ವಾದ ಬೇಡ ಮಕ್ಕಳೇ. ಆ ವ್ಯಾಲೆಟ್ಟಿನಲ್ಲಿ ಇರುವಷ್ಟನ್ನು ಕೊಟ್ಟು ಬನ್ನಿ. ಎರಡು ಜೇಬು ಇರಲಿ ಅಂದದ್ದು ಅದಕ್ಕೇ.

ಕಾನೂನಿನ ವಿಷಯವನ್ನು ಬೇಗ ಮುಗಿಸುತ್ತೇನೆ. 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿಸಿತು. ಜನ ನಗದು ಹಿಡಿದು ಬೀದಿಗೆ ಇಳಿದ ಕಾಲ ಅದು. ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಮಾಲಿನಲ್ಲಿಟ್ಟಿದ್ದ ಬಿಟ್‌ಕಾಯಿನ್ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ರಿಸರ್ವ್ ಬ್ಯಾಂಕಿನ ಆ ಸುತ್ತೋಲೆಯನ್ನು ರದ್ದು ಮಾಡಿತು. ಇವತ್ತು ಕ್ರಿಪ್ಟೋ ಇಟ್ಟುಕೊಳ್ಳುವುದು ಅಪರಾಧವಲ್ಲ, ಆದರೆ ಅದು ಚಲಾವಣೆಯ ಹಣವೂ ಅಲ್ಲ. ಲಾಭದ ಮೇಲೆ 30% ತೆರಿಗೆ. 2022ರ ಜುಲೈ 1ರಿಂದ, ನಿಗದಿತ ಮಿತಿ ದಾಟಿದರೆ ಕೊಳ್ಳುವವನು 1% ಟಿಡಿಎಸ್ ಹಿಡಿದು ಕಟ್ಟಬೇಕು. ಕಾಫಿ ಅಂಗಡಿಯಲ್ಲಿ ಕೊಂಡರೂ ಅದು ತಪ್ಪುವುದಿಲ್ಲ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ, ಪಡೆದರೆ ದಂಡವೂ ಅಷ್ಟೇ ಮೊತ್ತ. 2023ರ ಮಾರ್ಚಿನಿಂದ ಕ್ರಿಪ್ಟೋ ವಿನಿಮಯವನ್ನು ವೃತ್ತಿಯಾಗಿ ನಡೆಸುವವರು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಅಡಿ ಬರುತ್ತಾರೆ, ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಬೇಕು. ಅಲ್ಲಿ ನೋಂದಾಯಿಸಿದ ಎಕ್ಸ್‌ಚೇಂಜ್ ಮೂಲಕ ಮಾರುವುದಕ್ಕೆ ದಾರಿ ಇದ್ದರೆ ಅದನ್ನೇ ಹಿಡಿಯಿರಿ, ನಾಲ್ಕು ರೂಪಾಯಿ ಕಡಿಮೆ ಬಂದರೂ ಪರವಾಗಿಲ್ಲ. ಮುಖಾಮುಖಿ ಕ್ರಿಪ್ಟೋ ವ್ಯಾಪಾರಕ್ಕೆ ಜಗತ್ತಿನಲ್ಲೇ ಹೆಸರಾಗಿದ್ದ ಫಿನ್ಲೆಂಡಿನ ಲೋಕಲ್‌ಬಿಟ್‌ಕಾಯಿನ್ಸ್ ಕೂಡ 2019ರಲ್ಲಿ ಎದುರಾಎದುರು ನಗದು ಕೊಡುವ ಸೌಲಭ್ಯ ತೆಗೆದುಹಾಕಿತು, 2023ರಲ್ಲಿ ಬಾಗಿಲನ್ನೇ ಮುಚ್ಚಿತು.

ಮೊದಲ ಪ್ರಶ್ನೆ ಕೇಳಿದವರು ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ. "ಬೇಡ ಅಂದ್ರೂ ಹೋಗೇ ಹೋಗ್ತೀನಿ ಅಂತಾನೆ ಸಾರ್ ನಮ್ಮ ಹುಡುಗ. ಏನು ಮಾಡ್ಲಿ?"

ಜೊತೆಗೆ ಹೋಗಿ ತಾಯಿ. ಅದೇ ಮೇಜಿನಲ್ಲಿ ಕೂರಬೇಡಿ, ಎರಡು ಮೇಜು ಆಚೆ ಕೂತುಕೊಳ್ಳಿ. ನಮ್ಮಪ್ಪನಿಗೆ ಚಿಕ್ಕಪ್ಪ ಇದ್ದ ಹಾಗೆ. ನೀವು ನೋಡುತ್ತಿರುತ್ತೀರಿ ಅನ್ನುವುದು ಗೊತ್ತಿದ್ದರೆ ಅವನ ಅವಸರ ಅರ್ಧ ಇಳಿಯುತ್ತದೆ. ಹೋಗಲಾಗದಿದ್ದರೆ ಅವನ ಫೋನಿನ ಲೊಕೇಶನ್ ನಿಮ್ಮ ಫೋನಿಗೆ ಬರುವ ಹಾಗೆ ಮಾಡಿಸಿಕೊಳ್ಳಿ, ಎಷ್ಟು ಹೊತ್ತಿಗೆ ಕರೆ ಮಾಡಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಏನಾದರೂ ತಪ್ಪಿ ಹೋದರೆ ಬೈಯಬೇಡಿ. ಬೈಗುಳದ ಹೆದರಿಕೆಯಿಂದ ಎರಡು ದಿನ ಬಚ್ಚಿಟ್ಟರೆ ದುಡ್ಡು ಕೈಗೆ ಸಿಗದ ಹಾಗೆ ದೂರ ಹೋಗಿರುತ್ತದೆ. ಅದೇ ಗಂಟೆಯಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಎರಡನೆಯದು ಬಿಕಾಂ ಓದುವ ಹುಡುಗಿಯ ಪ್ರಶ್ನೆ. "ಸರ್, ಖಾತೆಗೆ ಬಂದ ಹಣ ಯಾರದ್ದು ಅಂತ ನಮಗೆ ಹೇಗೆ ಗೊತ್ತಾಗಬೇಕು?"

ಪೂರ್ತಿ ಗೊತ್ತಾಗುವುದಿಲ್ಲಮ್ಮ, ನಿಜ. ಆದರೆ ಎದುರು ಕೂತವನ ಗುರುತಿನ ಚೀಟಿಯ ಹೆಸರು, ಹಣ ಬಂದ ಖಾತೆಯ ಹೆಸರು, ಎರಡೂ ಒಂದೇ ಇರಬೇಕು. ಅಣ್ಣನದು, ಫ್ರೆಂಡಿನದು, ಆಫೀಸಿನದು ಅಂದರೆ ನಾಣ್ಯ ಕಳಿಸಬೇಡ. ಬಂದ ದುಡ್ಡನ್ನು ಮುಟ್ಟಲೂ ಬೇಡ. ಅವನು ಹೇಳಿದ ಬೇರೆ ಖಾತೆಗೆ ವಾಪಸ್ ಹಾಕಿದರೆ ಆ ಸರಪಳಿಯಲ್ಲಿ ನೀನೂ ಒಂದು ಕೊಂಡಿ ಆಗುತ್ತೀಯ. ನಿನ್ನ ಬ್ಯಾಂಕಿಗೆ ಬರೆದುಕೊಡು, ಅವರ ಮೂಲಕವೇ ಬಂದ ಖಾತೆಗೆ ತಿರುಗಿ ಹೋಗಲಿ. ಮಾತುಕತೆಯ ಚಾಟು, ವ್ಯವಹಾರದ ಸಂಖ್ಯೆ, ಅವನ ಗುರುತಿನ ಪ್ರತಿ ಎಲ್ಲ ಒಂದು ಕಡೆ ಇಟ್ಟುಕೊ. ನನ್ನ ಅಕ್ಕನ ಮಗ ಚಾಟನ್ನು ಅಳಿಸಿರಲಿಲ್ಲ. ಆ ಊರಿನ ತನಿಖಾಧಿಕಾರಿಗೆ ಅದನ್ನೆಲ್ಲ ಕೊಟ್ಟು, ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಸುಮಾರು ಐದು ತಿಂಗಳಾದ ಮೇಲೆ ಖಾತೆ ತೆರೆಯಿತು. ಮೇಷ್ಟರ ಪಾಲಿನ ದುಡ್ಡನ್ನು ಹಿಡಿದಿಟ್ಟುಕೊಂಡು ಉಳಿದದ್ದನ್ನು ಬಿಟ್ಟರು. ನಾಣ್ಯವೂ ಹೋಯಿತು, ಅದರ ದುಡ್ಡಿನ ಹೆಚ್ಚಿನ ಪಾಲೂ ಹೋಯಿತು. ಅದಕ್ಕೆ ಅವನು ಬೇಸರ ಮಾಡಿಕೊಂಡಿಲ್ಲ. ಮೇಷ್ಟರಿಗೆ ಆ ದುಡ್ಡು ತಲುಪಿತಾ ಎಂದು ಎರಡು ಸಲ ಆ ಠಾಣೆಗೆ ಫೋನು ಮಾಡಿ ಕೇಳಿದ. ಅವರ ಹೆಸರು ಅವನಿಗೆ ಗೊತ್ತಿಲ್ಲ, ಪತ್ರದಲ್ಲಿ ದೂರಿನ ಸಂಖ್ಯೆ ಮಾತ್ರ ಇತ್ತು. ಅದನ್ನು ಅವನು ಇನ್ನೂ ಪರ್ಸಿನಲ್ಲಿ ಇಟ್ಟುಕೊಂಡಿದ್ದಾನೆ.